ಶಹರ್ಬಾನು ಕೊಂಡ ಕೆಂಪು ಕಾರು

ಆರ್.ಟಿ. ನಗರದಲ್ಲಿ ಆ ಕಾಲಕ್ಕೆ ಕಾರು ಕಲಿತ ಹೆಂಗಸರಲ್ಲಿ ಯಾರನ್ನು ಕೇಳಿದರೂ ಮೊದಲು ನೆನಪಿಗೆ ಬರುವುದು ಶಹರ್ಬಾನು ಅವರ ಬೈಗುಳ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಬೈಯುತ್ತಿದ್ದರು. ಕನ್ನಡಿ ನೋಡದೆ ತಿರುಗಿಸಿದರೆ ಬೈಯುತ್ತಿದ್ದರು. ಎದುರಿಗೆ ಬಸ್ಸು ಬಂತೆಂದು ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡ ಬ್ಯಾಂಕ್ ಮ್ಯಾನೇಜರ ಹೆಂಡತಿಯನ್ನು ಗಂಗಾನಗರದ ಬಸ್ ಸ್ಟಾಪಿನಲ್ಲೇ ಇಳಿಸಿ, "ನಡ್ಕೊಂಡ್ ಹೋಗಿ ಮನೆಗೆ, ಕಾಲಾದ್ರೂ ನಿಮ್ ಮಾತು ಕೇಳುತ್ತಾ ನೋಡೋಣ" ಅಂದಿದ್ದರು. ಮಾರನೆಯ ದಿನ ಆಕೆ ಮತ್ತೆ ಬಂದರು. ಬೈದರೂ ಸರಿಯಾಗಿ ಕಲಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ನಾನೂ ಅವರ ಹತ್ತಿರವೇ ಕಲಿತವಳು. ಅವರ ಮನೆಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ನಮ್ಮತ್ತೆ ದ್ರೌಪದಮ್ಮ ಹೆಬ್ಬಾಳದ ಹಳೇ ಊರಿನವರು. ಸೊಸೆ ಕಾರು ಓಡಿಸುವುದು ಅವರಿಗೆ ಹಿಡಿಸಿರಲಿಲ್ಲ; ಕಲಿಸುವವರೂ ಹೆಂಗಸೇ ಎಂದು ಗೊತ್ತಾದ ಮೇಲೆ ಸುಮ್ಮನಾದರು. ಕಲಿತು ಮುಗಿದ ಮೇಲೂ ನಾನು ಸಂಜೆ ಹೊತ್ತು ಶಹರ್ಬಾನು ಅವರ ಮನೆಗೆ ಹೋಗಿ ಕೂರುತ್ತಿದ್ದೆ. ಅವರ ಮನೆಯವರೊಳಗೆ ಉರ್ದು; ನಾನಿದ್ದರೆ ಕನ್ನಡ; ಸಿಟ್ಟು ಬಂದರೆ ಎರಡೂ.

ಡ್ರೈವಿಂಗ್ ಸ್ಕೂಲು ಶುರು ಮಾಡಿದ್ದು ಅವರ ಗಂಡ ಮೆಹಬೂಬ್ ಪಾಷಾ. ಆಸ್ತಿ ಅಂತ ಇದ್ದದ್ದು ಒಂದೇ ಹಳೆಯ ಫಿಯೆಟ್, ಎಡಗಡೆ ಸೀಟಿನ ಕಾಲ ಬಳಿ ಇನ್ನೊಂದು ಬ್ರೇಕ್ ಹಾಕಿಸಿದ್ದು. ಎಪ್ಪತ್ನಾಲ್ಕರಲ್ಲಿ ಅವರು ಕಾಮಾಲೆ ಬಂದು ತೀರಿಕೊಂಡಾಗ ಮಕ್ಕಳಿಲ್ಲದ ಶಹರ್ಬಾನುಗೆ ಮೂವತ್ತೋ ಮೂವತ್ತೊಂದೋ. ಭಾವಂದಿರು ಬಂದು, ಕಾರು ಮಾರಿ ಹೊಲಿಗೆ ಮಿಷನ್ ತಗೋ ಎಂದು ಬುದ್ಧಿ ಹೇಳಿದರಂತೆ. "ನಂಗೆ ಹೊಲಿಗೆ ಬರಲ್ಲ, ಡ್ರೈವಿಂಗ್ ಬರುತ್ತೆ" ಎಂದು ಹೇಳಿ, ಮಾರನೆಯ ವಾರವೇ ಕೆಂಪು ಬಣ್ಣದ ಎಲ್ ಬೋರ್ಡನ್ನು ತಾವೇ ತಂತಿ ಸುತ್ತಿ ಕಟ್ಟಿದರು. ಭಾವಂದಿರು ಮತ್ತೆ ಆ ಮನೆಗೆ ಬರಲಿಲ್ಲ. ಹತ್ತಿರದ ನೆಂಟರೆಂದು ಉಳಿದದ್ದು ತಂಗಿ ಮುಸರ್ರತ್ ಮತ್ತು ಅವಳ ಗಂಡ ಗಯಾಸ್. ಗಯಾಸ್‌ಗೆ ಯಶವಂತಪುರದಲ್ಲಿ ಒಂದು ಗ್ಯಾರೇಜು. ಫಿಯೆಟ್ಟಿನ ರಿಪೇರಿ, ಸರ್ವಿಸ್ ಎಲ್ಲ ಅವನದೇ. ಹತ್ತು ವರ್ಷ ಶಹರ್ಬಾನು ಅವನ ಕೈಗೆ ಕೀಲಿ ಕೊಟ್ಟು, ಏನು ಮಾಡಿದೆ ಎಂದು ಕೂಡ ಕೇಳದೆ ವಾಪಸ್ ತಂದಿದ್ದರು. ಅವರು ಬೈಯದ ಮನುಷ್ಯ ಅಂತ ಇದ್ದರೆ ಅವನೊಬ್ಬನೇ.

ಎಂಬತ್ನಾಲ್ಕರಲ್ಲಿ, ಒಬ್ಬ ಶಿಷ್ಯೆಗೆ ತುಮಕೂರು ರಸ್ತೆಯಲ್ಲಿ ಓಡಿಸಲು ಕಲಿಸುತ್ತಿದ್ದಾಗ, ರಸ್ತೆ ಬದಿಯ ಒಂದು ಬಯಲಿನಲ್ಲಿ ಅವರು ಆ ಕಾರನ್ನು ನೋಡಿದರು. ಆನಂದಪ್ಪ ಎಂಬಾತ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಮಾಡುತ್ತಿದ್ದ ಬಯಲು ಅದು. ಅಂಬಾಸಿಡರ್, ಫಿಯೆಟ್‌ಗಳ ಸಾಲಿನ ಕೊನೆಯಲ್ಲಿ ನೆಲಕ್ಕೆ ಅಂಟಿಕೊಂಡಂತೆ ನಿಂತಿತ್ತು: ಕೆಂಪು, ಎರಡೇ ಬಾಗಿಲು, ಬಟ್ಟೆಯ ಹುಡ್ಡು ಮಡಚಿ ಹಿಂದಕ್ಕೆ ಹಾಕಿದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಹಿಂದೆ ಮಕ್ಕಳು ಮುದುಡಿ ಕೂರುವಷ್ಟು ಜಾಗ. ಯಾವುದೋ ಕಾಫಿ ತೋಟದವರ ಮಗ ಮದ್ರಾಸ್ ಕಡೆ ರೇಸಿನಲ್ಲಿ ಓಡಿಸುತ್ತಿದ್ದನಂತೆ.

ಅದನ್ನು ಕೊಳ್ಳುತ್ತೇನೆ ಎಂದು ಅವರು ಹೇಳಿದಾಗ ಬೀದಿಯ ಜನ ಕೇಳಿದ್ದು ಒಂದೇ ಪ್ರಶ್ನೆ. ಯಾಕೆ? ನಾನೂ ಕೇಳಿದೆ. ಅದರಲ್ಲಿ ಕಲಿಸಲಿಕ್ಕಾಗುವುದಿಲ್ಲ, ಸಾಮಾನು ಹಾಕಲಿಕ್ಕಾಗುವುದಿಲ್ಲ, ಮಳೆ ಬಂದರೆ ನೆನೆಯಬೇಕು.

ಶಹರ್ಬಾನು ರೇಗಿದರು. "ಗಂಡಸ್ರು ತಗೊಂಡ್ರೆ ಯಾರಾದ್ರೂ ಕೇಳ್ತಾರೇನಮ್ಮಾ ಯಾಕೆ ಅಂತ? ಹತ್ತು ವರ್ಷದಿಂದ ಎಡಗಡೆ ಸೀಟಲ್ಲಿ ಕೂತಿದ್ದೀನಿ. ಸ್ಟೇರಿಂಗ್ ಬೇರೆಯೋರ್ ಕೈಗೆ, ಬ್ರೇಕ್ ಮಾತ್ರ ನನ್ ಕಾಲಿಗೆ. ಇದು ನಾನ್ ಓಡಿಸೋಕೆ. ಸಾಕಾ?"

ನನಗೆ ಸಾಕಾಯಿತು. ಆಮೇಲೆ ಯಾರಾದರೂ ಕೇಳಿದರೆ ನಾನೇ ರೇಗಲು ಶುರು ಮಾಡಿದೆ.

ಕೊಳ್ಳುವ ಮುಂಚೆ ನೋಡಿ ಹೇಳಲು ಗಯಾಸ್‌ನನ್ನು ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಆನಂದಪ್ಪ ಬಿಳಿ ಸಫಾರಿ ಸೂಟಿನ, ಸಿಹಿ ಮಾತಿನ ಮನುಷ್ಯ. ಶಹರ್ಬಾನು ಕೇಳಿದ ಪ್ರಶ್ನೆಗೆಲ್ಲ ಗಯಾಸ್ ಮುಖ ನೋಡಿಕೊಂಡು ಉತ್ತರ ಕೊಡುತ್ತಿದ್ದ. ಗಯಾಸ್ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಗ್ಗಿದ, ಟಾರ್ಚು ಬಿಟ್ಟ, ಸ್ಪ್ಯಾನರಿನಿಂದ ಅಲ್ಲಲ್ಲಿ ಕುಟ್ಟಿದ. ತುಂಬ ಹೊತ್ತು ಕೆಳಗೇ ಇದ್ದ. ಶಹರ್ಬಾನು ಬಗ್ಗಿ ನೋಡಿ, ಅಡಿಗೆಲ್ಲ ಹೊಸದಾಗಿ ಡಾಂಬರಿನಂಥ ಕಪ್ಪು ಬಳಿದಿದ್ದಾರಲ್ಲ, ಯಾಕೆ ಎಂದು ಕೇಳಿದರು.

"ತುಕ್ಕು ಹಿಡೀಬಾರ್ದು ಅಂತ ಆಪಾ. ಒಳ್ಳೇದೇ" ಎಂದು ಗಯಾಸ್ ಕೆಳಗಿನಿಂದಲೇ ಹೇಳಿದ; ಹೆಂಡತಿಯ ಅಕ್ಕನನ್ನು ಅವನೂ ಆಪಾ ಎಂದೇ ಕರೆಯುತ್ತಿದ್ದ. ಆಮೇಲೆ ಆನಂದಪ್ಪ ಅವನನ್ನು ಒಳಗೆ ಕಾಫಿಗೆ ಕರೆದ. ಹೊರಗೆ ನಿಂತ ನಮಗೂ ಒಬ್ಬ ಕಾಫಿ ತಂದುಕೊಟ್ಟ. ಲೋಟ ಖಾಲಿಯಾಗಿ ಎಷ್ಟೋ ಹೊತ್ತಾದ ಮೇಲೆ ಗಯಾಸ್ ಕೈ ಒರೆಸಿಕೊಳ್ಳುತ್ತ ಬಂದ.

"ಫಸ್ಟ್ ಕ್ಲಾಸ್ ಆಪಾ. ಕಣ್ಮುಚ್ಕೊಂಡ್ ತಗೊಳ್ಳಿ."

ಆನಂದಪ್ಪ ಅಚ್ಚು ಹಾಕಿಸಿದ ಗ್ಯಾರಂಟಿ ಕಾರ್ಡನ್ನೂ ಕೊಟ್ಟ. ಆರು ತಿಂಗಳು. ಆದರೆ ಸರ್ವಿಸ್ ಮಾತ್ರ ಅವನು ಹೇಳಿದ ಗ್ಯಾರೇಜಿನಲ್ಲೇ ಮಾಡಿಸಬೇಕು, ಬೇರೆ ಕಡೆ ಬಾನೆಟ್ ಎತ್ತಿಸಿದರೂ ಗ್ಯಾರಂಟಿ ಹೋಯಿತು. ಆ ಗ್ಯಾರೇಜು ಯಾವುದೆಂದು ನೋಡಿದರೆ ಗಯಾಸ್‌ನದೇ. "ಮನೆಯೋರೇ ಆಯ್ತಲ್ಲ!" ಎಂದು ಶಹರ್ಬಾನು ನಕ್ಕರು.

ಮೊದಲ ವಾರ ಅವರು ಯಾರನ್ನೂ ಬೈಯಲಿಲ್ಲ. ಬೆಳಿಗ್ಗೆ ಕ್ಲಾಸು ಶುರುವಾಗುವ ಮುಂಚೆ ತಲೆಗೆ ದುಪಟ್ಟಾ ಬಿಗಿದು, ಯಲಹಂಕದ ಕಡೆ ಒಂದು ಸುತ್ತು ಹೋಗಿ ಬರುತ್ತಿದ್ದರು. ನನ್ನನ್ನು ಎಡಗಡೆ ಕೂರಿಸಿಕೊಂಡು ಹೋದ ದಿನ, ಎರಡೂ ಕಡೆ ದ್ರಾಕ್ಷಿ ತೋಟವಿದ್ದ ರಸ್ತೆಯಲ್ಲಿ, ನಾನು ಎಷ್ಟೋ ವರ್ಷದ ಮೇಲೆ ಸುಮ್ಮಸುಮ್ಮನೆ ಕಿರುಚಿದೆ. ಅವರೂ ಕಿರುಚಿದರು.

ಎರಡನೆಯ ವಾರದಿಂದ ಕಾರು ಎಡಕ್ಕೆ ಎಳೆಯತೊಡಗಿತು. ಹಳ್ಳಕ್ಕೆ ಇಳಿದಾಗ, ಬ್ರೇಕ್ ಹಾಕಿದಾಗ, ಮುಂದೆ ಎಲ್ಲೋ 'ಟಕ್' ಎನ್ನುತ್ತಿತ್ತು. ಮುಂದಿನ ಎಡ ಟೈರು ಒಂದೇ ಕಡೆ ಸವೆಯುತ್ತಿತ್ತು. ಶಹರ್ಬಾನು ಗಯಾಸ್ ಬಳಿ ಬಿಟ್ಟರು. ಅವನು ಚಕ್ರದ ಕೀಲಿನ ರಬ್ಬರ್ ಬುಷ್ ಬದಲಾಯಿಸಿ ಕೊಟ್ಟ. ಸದ್ದು ನಿಲ್ಲಲಿಲ್ಲ. ಮತ್ತೆ ಬಿಟ್ಟರು, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ ಎಂದ. ಮತ್ತೆ ಬಿಟ್ಟಾಗ ಅವನು ಹೇಳಿದ ಮಾತನ್ನು ಅವರು ನಮ್ಮ ಮನೆಗೆ ಬಂದು, ಅತ್ತೆ ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಹೇಳಿದರು.

"ನಂಗೆ ಹೇಳ್ತಾನಮ್ಮಾ, ನಿಮ್ ಕೈ ಫಿಯೆಟ್‌ಗೆ ಒಗ್ಗೋಗಿದೆ ಆಪಾ, ವಿಲಾಯಿತಿ ಗಾಡಿ ಹಿಡಿಯೋಕೆ ಬರ್ತಿಲ್ಲ ಅಂತ. ನಂಗೆ! ನನ್ ಕೈ!" ಎಂದು ಎರಡೂ ಕೈಯನ್ನು ನಮ್ಮತ್ತೆಯ ಮುಖದ ಮುಂದೆ ಚಾಚಿದರು.

"ಅಯ್ಯೋ, ಇಂಗ್ಯಾಕೆ ಕೂಗಾಡ್ತೀಯವ್ವಾ, ಕುಡಿ ಮೊದ್ಲು" ಎಂದರು ಅತ್ತೆ.

ಆದರೂ ಅವರಿಗೆ ಗಯಾಸ್ ಮೇಲೆ ಅನುಮಾನ ಬರಲಿಲ್ಲ. ಅವನಿಗೆ ಕೆಲಸ ಮರೆತುಹೋಗಿದೆ ಎಂದುಕೊಂಡರು, ಅಷ್ಟೇ.

ಒಂದು ಭಾನುವಾರ ಮುಸರ್ರತ್ ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದಿದ್ದಳು. ದೊಡ್ಡವನು ವಾಜಿದ್, ಚಿಕ್ಕವಳು ಜೈನಾಬ್. ಇಬ್ಬರೂ ಕೆಂಪು ಕಾರಿನಲ್ಲಿ ಹೆಸರಘಟ್ಟ ಕೆರೆಗೆ ಹೋಗಬೇಕೆಂದು ಹಟ ಹಿಡಿದು ಕೂತಿದ್ದರು. ಶಹರ್ಬಾನು ಒಪ್ಪಿದರು. ಮಕ್ಕಳು ಹಿಂದೆ ಹತ್ತಿ ಕೂತರು. ಡಬ್ಬಿಯಲ್ಲಿ ತಿಂಡಿ ಕಟ್ಟಿದ್ದಾಯಿತು. ಅಷ್ಟರಲ್ಲಿ ಹೆಂಡತಿ ಮಕ್ಕಳನ್ನು ವಾಪಸ್ ಕರೆದೊಯ್ಯಲು ಗಯಾಸ್ ಸ್ಕೂಟರಿನಲ್ಲಿ ಬಂದ. ನಾನು ಗೇಟಿನ ಬಳಿ ನಿಂತಿದ್ದೆ.

ಕಾರಿನಲ್ಲಿ ಮಕ್ಕಳನ್ನು ಕಂಡದ್ದೇ ಅವನು ಸ್ಕೂಟರಿಗೆ ಸ್ಟ್ಯಾಂಡ್ ಕೂಡ ಸರಿಯಾಗಿ ಹಾಕದೆ ಬಂದು, "ಇಳೀರೋ" ಎಂದ.

"ಹೆಸರಘಟ್ಟಕ್ಕೆ ಹೋಗಿ ಬರ್ತೀವಿ, ಬಾ ನೀನೂ ಸ್ಕೂಟರಲ್ಲಿ" ಎಂದರು ಶಹರ್ಬಾನು.

"ಬೇಡ ಆಪಾ. ಧೂಳು. ಜೈನಾಬ್‌ಗೆ ಕೆಮ್ಮು."

"ಹುಡ್ಡು ಹಾಕ್ತೀನಿ."

"ಬೇಡ ಅಂದ್ನಲ್ಲ. ಇನ್ನೊಂದಿನ." ಅವನೇ ಬಗ್ಗಿ ಮಗಳನ್ನು ಎತ್ತಿ ಕೆಳಗಿಳಿಸಿದ. ಅವಳು ಅಳತೊಡಗಿದಳು. ಮುಸರ್ರತ್‌ಗೆ ಅಕ್ಕನ ಮುಂದೆ ಅವಮಾನವಾಯಿತು. "ಸರಿ, ಮಕ್ಕಳು ಬೇಡ, ನಾನಾದ್ರೂ ಹೋಗ್ತೀನಿ" ಎಂದು ಎಡಗಡೆ ಬಾಗಿಲು ತೆಗೆದು ಕೂತಳು.

ಗಯಾಸ್ ಕೂಗಿಬಿಟ್ಟ. "ಇಳಿ ಅಂದ್ನಲ್ಲಾ! ಇಳಿಯೇ ಕೆಳಗೆ!"

ಬೀದಿಯೆಲ್ಲ ತಿರುಗಿ ನೋಡಿತು. ಹೆಂಡತಿಯ ಮೇಲೆ ಅವನು ದನಿ ಎತ್ತಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಶಹರ್ಬಾನು ಸ್ಟೇರಿಂಗ್ ಹಿಡಿದೇ ಕೂತಿದ್ದರು. ಅವನ ಮುಖವನ್ನೇ ನೋಡುತ್ತ ಕೇಳಿದರು:

"ಯಾಕೆ ಗಯಾಸ್? ನಾನ್ ದಿನಾ ಕೂರ್ತೀನಲ್ಲ ಇದ್ರಲ್ಲಿ."

ಅವನು ಮುಸರ್ರತ್ ಕಡೆಯ ಬಾಗಿಲ ಹಿಡಿಗೆ ಕೈ ಹಾಕಿದ.

"ಇವಳನ್ನೂ ಕೂರಿಸ್ಕೊಂಡ್ ಹೋಗಿದ್ದೆ" ಎಂದು ನನ್ನ ಕಡೆ ಕೈ ತೋರಿಸಿದರು. "ನಾವ್ ಕೂರಬಹುದು. ನಿನ್ ಮಕ್ಕಳು ಕೂರಬಾರ್ದು. ಯಾಕೆ?"

ಅವರು ಇಳಿದು ಬಂದು ಅವನ ಎದುರು ನಿಂತ ಮೇಲೆ ಮಾತು ಹೊರಟಿತು. ಮುಂದಿನ ಎಡ ಚಕ್ರ ಕೂರುವ ಜಾಗದಲ್ಲಿ ಚಾಸಿ, ಇಡೀ ಕಾರನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಬಿರುಕು ಬಿಟ್ಟಿದೆ. ರೇಸಿನಲ್ಲಿ ಎಲ್ಲಿಗೋ ಗುದ್ದಿದ್ದಕ್ಕೆ ವೆಲ್ಡಿಂಗ್ ಮಾಡಿ ಮೇಲೆ ಕಪ್ಪು ಬಳಿದಿದ್ದಾರೆ. ಈಗ ಆ ವೆಲ್ಡಿಂಗೂ ಬಿಟ್ಟುಕೊಳ್ಳುತ್ತಿದೆ. ನಿಧಾನಕ್ಕೆ ಓಡಿಸಿದರೆ ಏನೂ ಆಗಲ್ಲ ಎಂದುಕೊಂಡಿದ್ದೆ. ಆನಂದಪ್ಪ ತನ್ನಲ್ಲಿ ಮಾರುವ ಕಾರುಗಳ ಗ್ಯಾರಂಟಿ ಸರ್ವಿಸ್ ಎಲ್ಲ ನಿನ್ನ ಗ್ಯಾರೇಜಿಗೇ ಅಂದ, ಈ ಕಾರೊಂದನ್ನು ಸರಿಯಿದೆ ಎಂದುಬಿಡು ಅಂದ. ಇಷ್ಟನ್ನು ಅವನು ನೆಲ ನೋಡಿಕೊಂಡು ಹೇಳಿದ.

ಆಮೇಲೆ ಶಹರ್ಬಾನು ಬೈದ ಬೈಗುಳವನ್ನು ನಾನು ಬರೆಯಲಾರೆ. ಅರ್ಧ ನನಗೆ ಅರ್ಥವಾಗಲೂ ಇಲ್ಲ. ಅರ್ಥವಾದದ್ದರಲ್ಲಿ ಒಂದು ಮಾತು: "ಸಾಯ್ತೀನಿ ಅಂತ ಗೊತ್ತಿದ್ದೂ ನಂಗೆ ಡ್ರೈವಿಂಗ್ ಬರಲ್ಲ ಅಂದ್ಯಲ್ಲೋ!" ಮುಸರ್ರತ್ ಇನ್ನೂ ಕಾರಿನಲ್ಲೇ ಕೂತಿದ್ದಳು, ಇಳಿಯಬೇಕೋ ಬೇಡವೋ ಗೊತ್ತಾಗದವಳಂತೆ.

ಮಾರನೆಯ ಬೆಳಿಗ್ಗೆ ಶಹರ್ಬಾನು ತಂಗಿಯ ಮನೆಗೆ ಕೆಂಪು ಕಾರನ್ನೇ ತೆಗೆದುಕೊಂಡು ಹೋಗಿ, ಗಯಾಸ್‌ನನ್ನು ಎಡಗಡೆ ಕೂರಿಸಿಕೊಂಡು, ಮೇಕ್ರಿ ಸರ್ಕಲ್ ದಾಟಿ ಟಾಟಾ ಇನ್‌ಸ್ಟಿಟ್ಯೂಟಿನ ರಸ್ತೆ ಹಿಡಿದು ಯಶವಂತಪುರದ ಕಡೆ, ಆನಂದಪ್ಪನ ಬಯಲಿಗೆ ಹೊರಟರು. ನಾನು ಫಿಯೆಟ್ ಓಡಿಸಿಕೊಂಡು ಹಿಂದೆ ಹೋದೆ. ಬರುವಾಗ ಬೇಕಾಗುತ್ತದೆ, ಬಾ ಎಂದಿದ್ದರು. ಅವರು ಸೈಕಲ್ಲಿನವರೂ ದಾಟಿ ಹೋಗುವಷ್ಟು ನಿಧಾನವಾಗಿ ಓಡಿಸುತ್ತಿದ್ದರು. ಆದರೂ ಒಂದೊಂದು ಹಳ್ಳಕ್ಕೂ ಗಯಾಸ್ ಬಾಗಿಲ ಅಂಚನ್ನು ಗಟ್ಟಿಯಾಗಿ ಹಿಡಿಯುವುದು ಹಿಂದಿನಿಂದ ನನಗೆ ಕಾಣುತ್ತಿತ್ತು.

ಆನಂದಪ್ಪನ ಬಯಲಿನಲ್ಲಿ ಗಿರಾಕಿಗಳಿದ್ದರು. ಅವನು ಎಲ್ಲವನ್ನೂ ಕೇಳಿಸಿಕೊಂಡು ಗ್ಯಾರಂಟಿ ಕಾರ್ಡು ಇಸಕೊಂಡು, ಬೆರಳಿಟ್ಟು ತೋರಿಸಿದ.

"ಇಂಜಿನ್, ಗೇರ್ ಬಾಕ್ಸ್. ಬೇರೆ ಏನಾದ್ರೂ ಬರ್ದಿದೆಯಾ ಮೇಡಂ? ಇಂಜಿನ್‌ನಲ್ಲಿ ತೊಂದ್ರೆ ಇದ್ರೆ ಹೇಳಿ, ಈಗ್ಲೇ ಬಿಚ್ಚಿಸ್ತೀನಿ."

"ಇಂಜಿನ್ ಏನ್ ಗಾಳೀಲಿ ತೇಲ್ಕೊಂಡು ಓಡುತ್ತೇನ್ರೀ? ಚಾಸಿ ಮುರಿದಿದೆ ಅಂತ ಗೊತ್ತಿತ್ತೋ ಇಲ್ವೋ ನಿಮಗೆ?"

"ನನಗೆ ಹೇಗ್ ಗೊತ್ತಾಗುತ್ತೆ? ನಾನೇನ್ ಮೆಕ್ಯಾನಿಕ್ಕಾ? ನೋಡಿ ಓಕೆ ಮಾಡಿದ್ದು ನಿಮ್ ಮನೆಯೋರೇ. ಅಲ್ಲೇನಪ್ಪಾ ಗಯಾಸ್?"

ಶಹರ್ಬಾನು ಗಯಾಸ್ ಕಡೆ ತಿರುಗಿದರು. "ಹೇಳು. ಒಳಗೆ ಕಾಫಿ ಕುಡೀವಾಗ ಏನ್ ಮಾತಾಯ್ತು, ಇವರೆಲ್ಲರ ಮುಂದೆ ಹೇಳು."

ಗಯಾಸ್ ಬಾಯಿ ತೆರೆದ. ಆನಂದಪ್ಪನನ್ನು ನೋಡಿದ. ಅಲ್ಲಿ ಗ್ಯಾರಂಟಿ ಸರ್ವಿಸ್‌ಗೆ ಹೊರಡಲು ನಿಂತಿದ್ದ ಎರಡು ಫಿಯೆಟ್ಟುಗಳನ್ನು ನೋಡಿದ. ಮತ್ತೆ ಬಾಯಿ ಮುಚ್ಚಿದ. ನಿನ್ನೆ ಬೀದಿಯಲ್ಲಿ ಹೇಳಿದ್ದನ್ನು ಇವತ್ತು ಹೇಳಲು ಅವನಿಗೆ ಆಗಲಿಲ್ಲ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

"ನಡ್ಕೊಂಡ್ ಹೋಗು ನಿನ್ ಗ್ಯಾರೇಜಿಗೆ. ನನ್ ಗಾಡಿ ಮುಟ್ಟಬೇಡ ಇನ್ಮೇಲೆ" ಎಂದರು ಶಹರ್ಬಾನು. ಅವನು ಹೋದ.

ಕೆಂಪು ಕಾರನ್ನು ಅಲ್ಲಿಂದ ಚಿಕ್ಕಬಾಣಾವರದ ನರಸಯ್ಯ ಎಂಬ ವಯಸ್ಸಾದ ಮೆಕ್ಯಾನಿಕ್ಕಿನ ಶೆಡ್ಡಿಗೆ ಲಾರಿಯಲ್ಲಿ ಸಾಗಿಸಿದೆವು. ಅವರು ಕಪ್ಪನ್ನು ಕೆರೆದರು. ಬಿರುಕು ನನಗೂ ಕಾಣಿಸಿತು, ಬೆರಳ ತುದಿ ಹೋಗುವಷ್ಟು. ಹೊಸ ಚಾಸಿ ಇಂಗ್ಲೆಂಡಿನಿಂದ ಬರಬೇಕು, ಅದು ಆಗದ ಮಾತು ಎಂದರು. "ಮತ್ತೆ ವೆಲ್ಡಿಂಗ್ ಹಾಕ್ಕೊಡ್ಬೋದು ತಾಯಿ. ಆದ್ರೆ ಅದ್ರಾಗೆ ನಾನ್ ಕೂರಾಕಿಲ್ಲ. ನೀವೂ ಕೂರ್ಬೇಡಿ."

ಶಹರ್ಬಾನು ಅಲ್ಲಿಗೆ ಬಿಡುತ್ತಾರೆಂದು ನಾವೆಲ್ಲ ಅಂದುಕೊಂಡೆವು. ಬಿಡಲಿಲ್ಲ. ಕ್ಲಾಸು ಇಲ್ಲದ ದಿನವೆಲ್ಲ ಆನಂದಪ್ಪನ ಬಯಲಿನ ಎದುರು ಫಿಯೆಟ್ ನಿಲ್ಲಿಸಿ, ರಸ್ತೆಯ ಅಂಚಿನಲ್ಲಿ ನಿಲ್ಲುತ್ತಿದ್ದರು. ಒಳಗೆ ಹೋಗುವ ಗಿರಾಕಿಗಳಿಗೆಲ್ಲ ಒಂದೇ ಮಾತು: "ಕೆಳಗೆ ಮಲಗಿ ನೋಡಿ. ಹೊಸದಾಗಿ ಕಪ್ಪು ಬಳಿದಿದ್ರೆ ಸ್ಕ್ರೂಡ್ರೈವರ್ ತಗೊಂಡ್ ಕೆರೀರಿ. ಮೆಕ್ಯಾನಿಕ್ ಕರ್ಕೊಂಡ್ ಬಂದ್ರೆ ಅವನನ್ನ ಒಬ್ಬನ್ನೇ ಕಾಫಿಗೆ ಕಳಿಸಬೇಡಿ." ಕೆಲವರು ನಕ್ಕು ಒಳಗೆ ಹೋದರು. ಕೆಲವರು ಒಳಗೆ ಹೋಗಿ ಕೆಳಗೆ ಮಲಗಿದರು. ಆನಂದಪ್ಪ ಪೊಲೀಸರನ್ನು ಕರೆಸಿದ. ಬಂದ ಕಾನ್‌ಸ್ಟೇಬಲ್‌ಗೆ ಅವರು ಕೇಳಿದರು, "ನಾನ್ ರೋಡಲ್ಲಿ ನಿಂತಿದ್ದೀನಿ. ಯಾವ ಕಾನೂನು ಹೇಳಿ?" ಅವನು ಬಿಸಿಲಲ್ಲಿ ನಿಲ್ಲಬೇಡಿ ಅಮ್ಮಾ ಎಂದು ಹೇಳಿ ಹೋದ.

ಮಳೆಗಾಲ ಶುರುವಾಗುವ ಹೊತ್ತಿಗೆ ಆನಂದಪ್ಪನೇ ಹಣ್ಣಿನ ಬುಟ್ಟಿ ಹಿಡಿದುಕೊಂಡು ಆರ್.ಟಿ. ನಗರಕ್ಕೆ ಬಂದ. ಕಾರು ವಾಪಸ್ ಕೊಡಿ, ಕೊಟ್ಟ ಹಣ ಪೂರ್ತಿ ಇಲ್ಲೇ ಇದೆ, ಒಂದು ಪೈಸೆ ಕಮ್ಮಿಯಿಲ್ಲ ಎಂದ. ಪಕ್ಕದಲ್ಲಿದ್ದ ನನಗೆ ಅಬ್ಬಾ ಎನ್ನಿಸಿತು.

"ವಾಪಸ್ ತಗೊಂಡು ಏನ್ ಮಾಡ್ತೀರಿ?" ಎಂದು ಶಹರ್ಬಾನು ಕೇಳಿದರು.

"ಅದು ನನ್ ತಲೆನೋವು ಬಿಡಿ ಮೇಡಂ."

"ಒಡೆದು ಹಾಕ್ತೀರಾ?"

"ಛೆ ಛೆ, ಒಳ್ಳೇ ಇಂಜಿನ್ ಇರೋ ಗಾಡಿ. ಊಟಿ ಕಡೆ ಒಬ್ಬರು ಕೇಳ್ತಾ ಇದ್ದಾರೆ."

"ಊಟಿ" ಎಂದರು ಶಹರ್ಬಾನು. "ಘಾಟ್ ರೋಡು." ಬುಟ್ಟಿಯನ್ನು ಎತ್ತಿ ಅವನ ಕೈಗೇ ಕೊಟ್ಟರು. "ಎದ್ದೇಳ್ರೀ ಮೇಲೆ."

ಅವನು ಹೋದ ಮೇಲೆ ನಾನು ಅವರೊಂದಿಗೆ ಜಗಳವಾಡಿದೆ. ಹತ್ತು ವರ್ಷದ ಉಳಿತಾಯ ಅದು. ಫಿಯೆಟ್ಟಿಗೆ ಹೊಸ ಇಂಜಿನ್ ಬೇಕಾಗಿತ್ತು, ಮನೆಯ ತಾರಸಿ ಸೋರುತ್ತಿತ್ತು. ಇದು ಹುಚ್ಚು ಎಂದೆ. ನಮ್ಮತ್ತೆಯೂ ಹಾಗೇ ಅಂದರು. ಅವರು ನಮ್ಮ ಮೇಲೆ ಹರಿಹಾಯ್ದರು: "ಹಾಗಾದ್ರೆ ನೀವೇ ಹೋಗಿ ಹೇಳಿ ಆ ಊಟಿಯೋರಿಗೆ. ಹೋಗ್ತೀರಾ? ಇಲ್ಲ ಅಲ್ವಾ? ಮತ್ತೆ ಸುಮ್ಮನಿರಿ." ಒಂದು ವಾರ ನಾನೂ ಆ ಕಡೆ ಹೋಗಲಿಲ್ಲ.

ಕಾರನ್ನು ನರಸಯ್ಯನವರ ಶೆಡ್ಡಿನಲ್ಲಿ ಗ್ಯಾಸ್ ಹಚ್ಚಿ ಕತ್ತರಿಸಿದ ದಿನ ಮಾತ್ರ ಹೋದೆ. ಇಂಜಿನ್ನನ್ನು ಮೊದಲೇ ಇಳಿಸಿ, ಯಾರೋ ರೇಸಿನ ಹುಡುಗರಿಗೆ ಮಾರಿದ್ದರು; ಬಂದದ್ದು ತಾರಸಿಗೆ ಸಾಕಾಯಿತು. ಚಾಸಿ ಎರಡು ತುಂಡಾಗಿ ಬೀಳುವವರೆಗೂ ಶಹರ್ಬಾನು ಅಲ್ಲೇ ನಿಂತು ನೋಡಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಗ್ಯಾಸಿನ ಬೆಳಕಿಗೆ ಎಂದು ತಾವೇ ಹೇಳಿದರು, ನಾನು ಕೇಳಿರಲಿಲ್ಲ.

ಅಲ್ಲಿಗೆ ಮುಸರ್ರತ್ ರೈಲಿನಲ್ಲಿ ಬಂದಳು. ಆನಂದಪ್ಪ ಸರ್ವಿಸ್ ಕೆಲಸವನ್ನೆಲ್ಲ ಬೇರೆ ಗ್ಯಾರೇಜಿಗೆ ಕೊಟ್ಟುಬಿಟ್ಟನಂತೆ. ಗಯಾಸ್ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. "ಮಾಫ್ ಮಾಡಿಬಿಡು ಆಪಾ" ಎಂದು ಅಕ್ಕನ ಕೈ ಹಿಡಿದಳು.

"ಅವನೆಲ್ಲಿ ಕೇಳ್ತಿದ್ದಾನೆ? ನೀನ್ ಕೇಳ್ತಿದ್ದೀಯ" ಎಂದರು ಶಹರ್ಬಾನು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಹೊಸದಾಗಿ ಬಂದ ಶಿಷ್ಯೆಯರಿಗೆಲ್ಲ ಅವರು ಸ್ಟೇರಿಂಗ್ ಕೊಡುವ ಮುಂಚೆ ಚಾಪೆ ಕೊಡುತ್ತಿದ್ದರು. ಸೀರೆ ಸಿಕ್ಕಿಸಿಕೊಂಡು ಫಿಯೆಟ್ಟಿನ ಕೆಳಗೆ ಮಲಗಿ ಚಾಸಿ ಎಲ್ಲಿಂದ ಎಲ್ಲಿಯವರೆಗಿದೆ, ಎಣ್ಣೆ ಎಲ್ಲಿ ಸೋರುತ್ತದೆ ನೋಡಬೇಕು. ಒಲ್ಲೆ ಎಂದವರಿಗೆ ಬೈಗುಳ. ಗಂಡಂದಿರು ಬಂದು ಜಗಳವಾಡಿದರು, ಕೆಲವರು ಬಿಟ್ಟೂ ಹೋದರು. ಅವರು ಬದಲಾಯಿಸಲಿಲ್ಲ.

ಮುಂದಿನ ವರ್ಷ ರಂಜಾನ್ ಹಬ್ಬಕ್ಕೆ ಮುಸರ್ರತ್ ಮಕ್ಕಳೊಂದಿಗೆ ಬಂದಳು. ಗಯಾಸ್ ಕೂಡ ಬಂದಿದ್ದ, ಆದರೆ ಗೇಟಿನ ಹೊರಗೆ ಸ್ಕೂಟರಿನ ಪಕ್ಕ ನಿಂತಿದ್ದ. ನಾನು ಒಳಗಿದ್ದೆ. ಶಹರ್ಬಾನು ಕಿಟಕಿಯಿಂದ ಅವನನ್ನು ನೋಡಿದರು. ನೋಡುತ್ತಿದ್ದಂತೆ ಅವರ ಮುಖದಲ್ಲಿ ಸಿಟ್ಟು ಹೊಸದಾಗಿ ಏರುವುದು ನನಗೆ ಕಾಣಿಸಿತು. ಮಕ್ಕಳಿಗೆ ಶಾವಿಗೆ ಪಾಯಸ ಬಡಿಸಿದರು, ನನಗೆ ಬಡಿಸಿದರು. ಇನ್ನೊಂದು ಬಟ್ಟಲಿಗೆ ಬಡಿಸಿ, ಮೇಲೆ ದ್ರಾಕ್ಷಿ ಗೋಡಂಬಿ ಹಾಕಿ, ವಾಜಿದ್ ಕೈಗೆ ಕೊಟ್ಟು, "ನಿಮ್ಮಪ್ಪಂಗೆ ಕೊಟ್ ಬಾ" ಎಂದರು.

ಒಳಗೆ ಬಾ ಎನ್ನಲಿಲ್ಲ. ಅವನು ಬಿಸಿಲಲ್ಲಿ ನಿಂತೇ ತಿಂದು, ಖಾಲಿ ಬಟ್ಟಲನ್ನು ಮಗನ ಕೈಯಲ್ಲಿ ಕಳಿಸಿದ.